ಚೌತಿಗೆ ಸೇರುವ ಚಿಕ್ಕಮಕ್ಕಳ ಸಹಜ ಫೋಟೊ ತೆಗೆಯುವುದು ಹೇಗೆ?

ಮೂಲಮನೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಒಳಗೆ, ತೋಟದ ಪಕ್ಕದಲ್ಲಿರುವ ನಮ್ಮ ಮೂಲಮನೆಗೆ ಪ್ರತಿವರ್ಷ ಚೌತಿಗೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಂಸಾರಗಳೆಲ್ಲ ಬಂದು ಸೇರುತ್ತವೆ. ಒಂದೂವರೆ ವರ್ಷದಿಂದ ಏಳು ವರ್ಷದವರೆಗಿನ ಐದು ಮಕ್ಕಳಿದ್ದಾರೆ. ಹಬ್ಬಕ್ಕೆ ಮೊದಲು ಎಲ್ಲರೂ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುವ ಕೈಚಕ್ಕುಲಿ ಕಂಬಳದಲ್ಲಿ, ಗಣಪತಿಯ ಮೇಲೆ ಹಣ್ಣುಕಾಯಿಗಳ ಫಲಾವಳಿ ಕಟ್ಟುವಾಗ, ಪೂಜೆಯ ಹೊತ್ತಿನಲ್ಲಿ ಅವರು ತಮ್ಮ ಪಾಡಿಗೆ ತಾವಿರುವುದನ್ನು ಫೋಟೊದಲ್ಲಿ ಹಿಡಿಯಬೇಕೆಂಬುದು ನನ್ನ ಆಸೆ. ಆದರೆ ಕ್ಯಾಮೆರಾ ಕಂಡ ಕೂಡಲೇ ದೊಡ್ಡವರು ಎರಡು ಬೆರಳೆತ್ತಿ ನೆಟ್ಟಗೆ ನಿಲ್ಲುತ್ತಾರೆ, ಸಣ್ಣವರು ಸೆರಗಿನ ಹಿಂದೆ ಸೇರುತ್ತಾರೆ.

ಕಳೆದ ವರ್ಷ ತಂಗಿಯ ಮಗಳು, ಆಗ ಮೂರು ವರ್ಷದವಳು, ಅಮ್ಮಮ್ಮನ ಮೊಣಕಾಲಿಗೆ ಒರಗಿ ಕುಳಿತು, ನಾಲಿಗೆಯ ತುದಿಯನ್ನು ಹೊರಗೆ ಹಾಕಿಕೊಂಡು, ಚಕ್ಕುಲಿ ಹಿಟ್ಟಿನ ಎಳೆಯೊಂದನ್ನು ಅಮ್ಮಮ್ಮನಂತೆಯೇ ಹೊಸೆಯಲು ಯತ್ನಿಸುತ್ತಿದ್ದಳು. ನಾನು ತೆಗೆದ ಹನ್ನೊಂದು ಫೋಟೊಗಳಲ್ಲಿ ಹತ್ತು ಅಲುಗಿದ್ದವು. ಉಳಿದ ಒಂದಕ್ಕೆ ಫ್ಲ್ಯಾಶ್ ಹಾಕಿದ್ದೆ; ಅದರಲ್ಲಿ ಮುಖ ಹಿಟ್ಟಿನಷ್ಟೇ ಬೆಳ್ಳಗಾಗಿ ಕಣ್ಣು ಮುಚ್ಚಿಕೊಂಡಿದ್ದಳು. ಅಮ್ಮಮ್ಮನಿಗೆ ಈಗ ಎಂಬತ್ತಾರು. ಈ ವರ್ಷ ಆ ಗಳಿಗೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನನ್ನಲ್ಲಿ ಹಳೆಯ ಡಿಎಸ್‌ಎಲ್‌ಆರ್, 18–55 ಲೆನ್ಸ್, 50 ಎಂ.ಎಂ.ನ ಎಫ್ 1.8 ಲೆನ್ಸ್ ಹಾಗೂ ಸಾಧಾರಣ ಮೊಬೈಲ್ ಇವೆ. ದಯವಿಟ್ಟು ತಿಳಿದವರು ಹೇಳಿ.

ಕಾಳಿತೀರ, ಕಾರವಾರ:

ನೀವು ಹೇಳಿದ ಎರಡು ತೊಂದರೆಗಳಿಗೂ ಮೂಲ ಒಂದೇ ಎಂದು ನನಗನ್ನಿಸುತ್ತದೆ: ನೀವು ಮಗುವಿನ ಹಿಂದೆ ಓಡಾಡುತ್ತಿದ್ದೀರಿ. ಅದನ್ನು ಬಿಟ್ಟು, ಮೊದಲು ಬೆಳಕನ್ನು ಹುಡುಕಿ, ಆ ಬೆಳಕಿನಲ್ಲಿ ಕೆಲಸ ನಡೆಯುವಂತೆ ಮಾಡಿ, ನೀವು ಅಲ್ಲೇ ನೆಲದ ಮೇಲೆ ಕುಳಿತುಬಿಡಿ. ಕೆಲಸವಿದ್ದಲ್ಲಿಗೆ ಮಕ್ಕಳು ತಾವಾಗಿಯೇ ಬರುತ್ತಾರೆ.

ಚೌತಿ ಬರುವುದು ಮಳೆಗಾಲದಲ್ಲಿ. ಮೋಡದ ಬೆಳಕು ಮೆದುವಾಗಿರುವುದರಿಂದ ಮಕ್ಕಳ ಮುಖಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಆದರೆ ಹಂಚಿನ ಮನೆಯ ಒಳಗೆ ಅದು ಬಾಗಿಲು, ಕಿಟಕಿಗಳಿಂದ ನಾಲ್ಕೈದು ಅಡಿ ದಾಟುವುದರೊಳಗೆ ಬಹಳ ಕುಗ್ಗಿಹೋಗುತ್ತದೆ. ಆದ್ದರಿಂದ ಕಂಬಳದ ಚಾಪೆಯನ್ನು ಜಗಲಿಯ ಬಾಗಿಲಿನ ಬಳಿ ಅಥವಾ ದೊಡ್ಡ ಕಿಟಕಿಯ ಪಕ್ಕಕ್ಕೆ ಹಾಸಲು ಅಮ್ಮಮ್ಮನನ್ನು ಮೊದಲೇ ಕೇಳಿಕೊಳ್ಳಿ. ಬೆಳಕು ಅವರ ಮುಖದ ಒಂದು ಬದಿಯಿಂದ ಬರಲಿ. ನೀವು ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಏಕೆಂದರೆ ಆಗ ನಿಮ್ಮ ನೆರಳೇ ಮಗುವಿನ ಮೇಲೆ ಬೀಳುತ್ತದೆ. ಗಾಜಿನ ಹಂಚಿನ ಬೆಳಕು ನೆತ್ತಿಯಿಂದ ಬೀಳುವುದರಿಂದ ಕಣ್ಣಿನ ಕುಳಿಗಳು ಕಪ್ಪಾಗುತ್ತವೆ. ಅಲ್ಲಿಯೇ ಕೂರಬೇಕಾದರೆ ಮುಂದೆ ಒಂದು ಬಿಳಿ ಪಂಚೆಯನ್ನು ಹಾಸಿ; ಬೆಳಕು ಕೆಳಗಿನಿಂದ ಮುಖಕ್ಕೆ ಮರಳುತ್ತದೆ. ಎಣ್ಣೆಯ ಬಾಣಲೆ ಇರುವ ಒಲೆಯ ಹತ್ತಿರ ಮಾತ್ರ ಮಕ್ಕಳನ್ನೂ ಕ್ಯಾಮೆರಾವನ್ನೂ ಒಯ್ಯಬೇಡಿ. ಚಕ್ಕುಲಿ ಸುತ್ತುವ ಜಾಗ ಬೇರೆ, ಕರಿಯುವ ಜಾಗ ಬೇರೆ ಇರಲಿ.

50 ಎಂ.ಎಂ. ಲೆನ್ಸನ್ನೇ ಹಾಕಿಕೊಳ್ಳಿ. ಫೋಟೊ ಅಲುಗಿದ್ದು ನಿಮ್ಮ ಕೈ ನಡುಗಿದ್ದರಿಂದಲ್ಲ, ಶಟರ್ (ಬೆಳಕನ್ನು ಒಳಬಿಡುವ ಕ್ಯಾಮೆರಾದ ಪರದೆ) ನಿಧಾನವಾಗಿದ್ದರಿಂದ. ಕುಳಿತ ಮಗುವಿಗೆ ಕನಿಷ್ಠ 1/250 ಸೆಕೆಂಡ್, ಅಂಗಳದಲ್ಲಿ ಓಡುವ ಮಗುವಿಗೆ 1/500 ಬೇಕು. ಒಂದೇ ಮಗುವಾದರೆ ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು) 2.2 ಸಾಕು; 1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟವಾಗಿ ಇನ್ನೊಂದು ಮಸುಕಾಗುವುದುಂಟು. ಅಜ್ಜಿ, ಮೊಮ್ಮಗಳು ಇಬ್ಬರೂ ಬೇಕಾದರೆ 4ರವರೆಗೆ ಹೋಗಿ. ಇಷ್ಟಾದ ಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೋ 3200ಕ್ಕೋ ಏರಿದರೆ ಏರಲಿ. ಸ್ವಲ್ಪ ಕಾಳುಕಾಳಾದ ಫೋಟೊವನ್ನು ಮನೆಯವರು ವರ್ಷಗಟ್ಟಲೆ ನೋಡುತ್ತಾರೆ, ಅಲುಗಿದ್ದನ್ನು ಯಾರೂ ನೋಡುವುದಿಲ್ಲ.

ಸಾಧ್ಯವಾದರೆ ಟ್ಯೂಬ್‌ಲೈಟನ್ನು ಆರಿಸಿಬಿಡಿ. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತರೆ ಅರ್ಧ ಮುಖಕ್ಕೆ ಒಂದು ಬಣ್ಣ, ಉಳಿದರ್ಧಕ್ಕೆ ಇನ್ನೊಂದು ಬಣ್ಣ ಬರುತ್ತದೆ. ಅಲ್ಲದೆ ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ವೇಗದ ಶಟರ್‌ನಲ್ಲಿ ಅದು ಫೋಟೊದ ಮೇಲೆ ಪಟ್ಟೆಪಟ್ಟೆಯಾಗಿ ಕಾಣಬಹುದು.

ಇನ್ನು ಕೊನೆಯದಾಗಿ, ಮೊದಲ ಅರ್ಧ ಗಂಟೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರಿ, ನೀವೂ ನಾಲ್ಕು ಚಕ್ಕುಲಿ ಸುತ್ತಿ. ಮಕ್ಕಳು ಬಂದು ಮುಟ್ಟಿ ನೋಡಿ, ಒಂದೆರಡು ಸಲ ಬಟನ್ ಒತ್ತಿ, ಆಮೇಲೆ ಅದನ್ನು ಮರೆತುಬಿಡುತ್ತಾರೆ. 'ಇಲ್ಲಿ ನೋಡು', 'ನಗು' ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಅಘನಾಶಿನಿ, ಕುಮಟಾ:

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಇಬ್ಬರು ಮಕ್ಕಳ ತಾಯಿಯಾಗಿ ನಾನು ಫೋಟೊ ತೆಗೆದಾದ ನಂತರದ ವಿಷಯವನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ದೀಪಾವಳಿಯ ಅಭ್ಯಂಗದ ದಿನ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮಗನ ಫೋಟೊವನ್ನು ಸಂಬಂಧಿಕರೊಬ್ಬರು ಪ್ರೀತಿಯಿಂದಲೇ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ನನಗೆ ಪರಿಚಯವೇ ಇಲ್ಲದ ಮೂವರ ಸ್ಟೇಟಸ್‌ಗೆ ಹೋಗಿದ್ದು ನನಗೆ ತಿಳಿದಾಗ ಸಂಜೆಯಾಗಿತ್ತು. ಅಳಿಸಿ ಎಂದು ಒಬ್ಬೊಬ್ಬರನ್ನೇ ಕೇಳಿಕೊಂಡ ಆ ಸಂಜೆಯ ಸಂಕಟ ಇನ್ನೂ ನೆನಪಿದೆ.

ಮಗುವಿಗೆ ತಿಳಿಯದಂತೆ ಫೋಟೊ ತೆಗೆಯುವಾಗ ಅದರ ಪರವಾಗಿ ಯೋಚಿಸುವ ಹೊಣೆಯೂ ತೆಗೆದವರ ಮೇಲೆ ಬೀಳುತ್ತದೆ. ಸ್ನಾನ, ಬಟ್ಟೆ ಬದಲಿಸುವುದು, ಅಳುವುದು, ಬೈಸಿಕೊಳ್ಳುವುದು, ಇವುಗಳನ್ನು ಬಿಟ್ಟುಬಿಡಿ. ಉಳಿದವನ್ನು ಆಯಾ ಮಗುವಿನ ತಂದೆತಾಯಿಗೆ ಮಾತ್ರ ಕಳಿಸಿ, ಗುಂಪಿಗೆ ಹಾಕುವುದೋ ಬೇಡವೋ ಎಂಬುದನ್ನು ಅವರಿಗೇ ಬಿಡಿ. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದ ಒಳಗೆ ಜಾಗದ ವಿವರವೂ ಸೇರಿರುತ್ತದೆ. ಹಬ್ಬಕ್ಕೆ ಮೊದಲೇ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಬಂದ್ ಮಾಡಿಡಿ.

ಮೂಲಮನೆ, ಶಿರಸಿ:

ಇಬ್ಬರಿಗೂ ಕೃತಜ್ಞತೆಗಳು. ಅಕ್ಕನ ಮಗಳಿಗೆ ಏಳು ವರ್ಷ. ಅವಳು 'ನನ್ನ ಫೋಟೊ ಬೇಡ' ಎನ್ನುತ್ತಾಳೆ. ಅವಳಿಗೆ ತಿಳಿಯದಂತೆ ತೆಗೆದರೆ ತಪ್ಪೇ?

ಅಘನಾಶಿನಿ, ಕುಮಟಾ:

ಬೇಡವೆಂದು ಬಾಯಿಬಿಟ್ಟು ಹೇಳಿದ ಮೇಲೆ ಕದ್ದು ತೆಗೆಯುವುದು ಸರಿಯಲ್ಲ. ಮೊಬೈಲನ್ನು ಅವಳ ಕೈಗೇ ಕೊಟ್ಟು ತಮ್ಮ, ತಂಗಿಯರ ಫೋಟೊ ತೆಗೆಯಲು ಹೇಳಿ ನೋಡಿ. ಅವಳ ಕಣ್ಣಿನ ಎತ್ತರಕ್ಕೆ ಕಾಣುವುದು ನಮಗೆ ಬಗ್ಗಿದರೂ ಕಾಣುವುದಿಲ್ಲ.

ಮೂಲಮನೆ, ಶಿರಸಿ:

ಇಂದು ಮಧ್ಯಾಹ್ನ ಮಳೆ ಹೊಯ್ಯುತ್ತಿರುವಾಗಲೇ ಜಗಲಿಯ ಕಿಟಕಿಯ ಬಳಿ ಚಾಪೆ ಹಾಸಿ ಪರೀಕ್ಷಿಸಿದೆ. ದೀಪ ಆರಿಸಿ, ಐಎಸ್‌ಒ 1600, ಅಪರ್ಚರ್ 2.2, ಶಟರ್ 1/250 ಇಟ್ಟು, ಅಡಿಕೆ ಆರಿಸುತ್ತ ಕುಳಿತಿದ್ದ ಅಮ್ಮಮ್ಮನ ಕೈಗಳ ಫೋಟೊ ತೆಗೆದೆ. ಬೆರಳಿನ ಗೆರೆಗಳೂ ಬಳೆಯ ಮೇಲಿನ ಸವೆದ ಕೆತ್ತನೆಯೂ ಸ್ಪಷ್ಟವಾಗಿ ಬಂದಿವೆ. ಕಂಬಳದ ಚಾಪೆಯನ್ನು ಅಲ್ಲಿಯೇ ಹಾಸಲು ಅವರು ಒಪ್ಪಿದ್ದಾರೆ. ಅಕ್ಕನ ಮಗಳಿಗೆ ಕೊಡಲು ಹಳೆಯ ಮೊಬೈಲೊಂದನ್ನು ಚಾರ್ಜಿಗೆ ಹಾಕಿದ್ದೇನೆ.