ಕಿರೀಟ ಇಳಿಸಿದರೋ, ಇಳಿಸಿಟ್ಟರೋ? ನಿರೂಪಕಿಯೋ, ನಡೆಸಿಕೊಡುವವರೋ?

ಗೆಳೆಯರೇ, ನಮಸ್ಕಾರ.

ರಷ್ಯಾದ ಒಕ್ಸಾನಾ ಫ್ಯೋದರೊವಾ ಅವರ ಬಗ್ಗೆ ಪುಟ್ಟ ಪರಿಚಯ ಲೇಖನ ಬರೆಯುತ್ತಿದ್ದೇನೆ. ಎರಡು ಮೂರು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಫ್ಯೋದರೊವಾ ಹುಟ್ಟಿದ್ದು ಪ್ಸ್ಕೋವ್‌ನಲ್ಲಿ, 1977ರಲ್ಲಿ. 2001ರಲ್ಲಿ ಮಿಸ್ ರಷ್ಯಾ ಆದರು. 2002ರ ಮೇ ತಿಂಗಳಲ್ಲಿ ಪೋರ್ಟೊ ರಿಕೊದ ಸ್ಯಾನ್ ಹ್ವಾನ್‌ನಲ್ಲಿ ಮಿಸ್ ಯೂನಿವರ್ಸ್ ಗೆದ್ದರು. ನಮ್ಮ ಪತ್ರಿಕೆಗಳು ಇದನ್ನು ‘ಭುವನಸುಂದರಿ’ ಅನ್ನುತ್ತವೆ, ಮಿಸ್ ವರ್ಲ್ಡ್‌ಗೆ ‘ವಿಶ್ವಸುಂದರಿ’. ಈ ವ್ಯತ್ಯಾಸವನ್ನು ಉಳಿಸಿಕೊಳ್ಳಲೇಬೇಕು, ಬೆರೆಸಿದರೆ ಓದುವವರಿಗೆ ಗೊಂದಲ.

ತೊಡಕು ಶುರುವಾಗುವುದು ಆಮೇಲೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಿರೀಟ ಪನಾಮಾದ ಜಸ್ಟೀನ್ ಪಸೆಕ್ ಅವರಿಗೆ ಹೋಯಿತು. ಫ್ಯೋದರೊವಾ ತಮ್ಮ ಹೊಣೆ ನಿಭಾಯಿಸಲಿಲ್ಲ, ಅದಕ್ಕೇ ತೆಗೆದೆವು ಎಂದು ಸಂಸ್ಥೆ ಹೇಳಿತು. ನಾನೇ ಬಿಟ್ಟೆ, ನನಗೆ ಓದು ಮುಖ್ಯ ಎಂದು ಅವರು ಹೇಳಿದರು. ಅವರು ಆಗ ಸೇಂಟ್ ಪೀಟರ್ಸ್‌ಬರ್ಗ್‌ನ ಪೊಲೀಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದರು. ಈಗ ಕನ್ನಡದಲ್ಲಿ ಏನು ಬರೆಯಲಿ? ‘ಕಿರೀಟ ಕಸಿದುಕೊಂಡರು’ ಅಂದರೆ ಸಂಸ್ಥೆ ದೌರ್ಜನ್ಯ ಮಾಡಿದ ಹಾಗೆ. ‘ಪದಚ್ಯುತಿ’ ಅಂದರೆ ತಪ್ಪು ಅವರದ್ದೇ ಎಂದು ತೀರ್ಪು ಕೊಟ್ಟಂತೆ. ‘ಬಿಟ್ಟುಕೊಟ್ಟರು’ ಅಂದರೆ ಅವರ ಮಾತನ್ನಷ್ಟೇ ನಂಬಿದಂತೆ. ‘ಕೈತಪ್ಪಿತು’ ಮೇಲ್ನೋಟಕ್ಕೆ ಚೆನ್ನಾಗಿದೆ, ಆದರೆ ಅದು ಸಿಗಬೇಕಾದದ್ದು ಸಿಗದೇ ಹೋದಾಗ ಬಳಸುವ ಮಾತು ಅಲ್ವಾ? ಇವರಿಗೆ ಸಿಕ್ಕಿತ್ತು, ತಲೆ ಮೇಲಿತ್ತು. ‘ಕಿರೀಟ ನಾಲ್ಕು ತಿಂಗಳೂ ಉಳಿಯಲಿಲ್ಲ’ ಎಂದು ಬರೆದು, ಎರಡೂ ಕಡೆಯ ಮಾತನ್ನು ಪಕ್ಕಪಕ್ಕ ಇಡುವುದು ಸರಿ ಎಂದು ನನಗನ್ನಿಸುತ್ತದೆ. ಯಾರ ಪರವೂ ವಹಿಸದ, ಇದಕ್ಕಿಂತ ಚಿಕ್ಕ ಕ್ರಿಯಾಪದ ನಿಮಗೆ ಹೊಳೆದರೆ ತಿಳಿಸಿ.

‘ಮಾಡೆಲ್’ ಬಗ್ಗೆ ನನಗೆ ಜಾಸ್ತಿ ತಕರಾರಿಲ್ಲ. ರೂಪದರ್ಶಿ ಅಂತಲೂ ಬರೆಯಬಹುದು, ಎರಡೂ ಬಳಕೆಯಲ್ಲಿವೆ.

ಆದರೆ ‘ನಿರೂಪಕಿ’? ಅವರು ಮುಂದೆ ರಷ್ಯಾದ ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮವೊಂದಕ್ಕೆ ಬಂದರು. ಹೆಸರು ‘ಸ್ಪಕೋಯ್ನಯ್ ನೋಚಿ, ಮಲಿಷಿ’, ಅಂದರೆ ಶುಭರಾತ್ರಿ ಪುಟಾಣಿಗಳೇ. 1964ರಿಂದ ನಡೆದುಬಂದ ಕಾರ್ಯಕ್ರಮ ಅದು. ಮೇಜಿನ ಹಿಂದೆ ಹಂದಿಮರಿ ಖ್ರ್ಯೂಷಾ, ಮೊಲ ಸ್ತೆಪಾಷ್ಕಾ, ನಾಯಿ ಫಿಲ್ಯಾ, ಕಾಗೆ ಕರ್ಕೂಷಾ ಎಂಬ ಗೊಂಬೆಗಳು. ಅವುಗಳ ಜೊತೆ ಹರಟೆ, ಒಂದು ಕಾರ್ಟೂನ್, ಕೊನೆಗೆ ಜೋಗುಳ. ಇಲ್ಲಿ ಆಕೆ ಏನನ್ನೂ ನಿರೂಪಿಸುವುದಿಲ್ಲ, ಗೊಂಬೆಗಳ ಜಗಳ ಬಿಡಿಸುತ್ತಾರೆ. ಕಥೆ ಕಾದಂಬರಿ ಚರ್ಚೆಯಲ್ಲಿ ಕಥೆ ಹೇಳುವವನನ್ನೂ ನಾವು ‘ನಿರೂಪಕ’ ಅನ್ನುತ್ತೇವಾದ್ದರಿಂದ ಪದಕ್ಕೆ ಮೊದಲೇ ಹೊರೆ ಜಾಸ್ತಿ. 2003ರ ಮಿಸ್ ರಷ್ಯಾ ವಿಕ್ತೋರಿಯಾ ಲೊಪಿರ್ಯೋವಾ ಟಿವಿಯಲ್ಲಿ ಫುಟ್‌ಬಾಲ್ ಕಾರ್ಯಕ್ರಮ ಮಾಡಿದವರು. ಅವರಿಗಾದರೆ ‘ನಿರೂಪಕಿ’ ಸಲೀಸಾಗಿ ಹೊಂದುತ್ತದೆ.

ರಷ್ಯನ್ನರು ಈ ಕೆಲಸಕ್ಕೆ ‘ವೆದುಷ್ಚಯಾ’ ಅನ್ನುತ್ತಾರೆ, ಮುನ್ನಡೆಸುವವಳು ಎಂಬ ಅರ್ಥ. ನಮ್ಮ ರೇಡಿಯೊದಲ್ಲಿ ಕೇಳಿ ಕೇಳಿ ಅಭ್ಯಾಸವಾದ ‘ಕಾರ್ಯಕ್ರಮ ನಡೆಸಿಕೊಡುವವರು’ ಇದಕ್ಕೆ ಎಷ್ಟು ಹತ್ತಿರ ನೋಡಿ! ಆ ‘ಕೊಡು’ವಿನಲ್ಲಿ ಕೇಳುಗರಿಗಾಗಿ ಎಂಬ ಆಪ್ತತೆಯೂ ಇದೆ. ತೊಂದರೆ ಒಂದೇ, ತಲೆಬರಹಕ್ಕೆ ಉದ್ದವಾಯಿತು. ‘ನಡೆಸುಗಾರ್ತಿ’ ಎಂದು ಹೊಸದಾಗಿ ಕಟ್ಟಿದರೆ ಕಿವಿಗೆ ಒರಟೇ?

ಇನ್ನೊಂದು ಕೇಳಬೇಕು. ಆ ಕಾರ್ಯಕ್ರಮದ ಹಳೆಯ ತಲೆಮಾರಿನ ವಲೆಂತೀನಾ ಲಿಯೊಂತ್ಯೆವಾ ಅವರನ್ನು ಮಕ್ಕಳು ‘ತ್ಯೋತ್ಯಾ ವಾಲ್ಯಾ’ ಅನ್ನುತ್ತಿದ್ದರು. ತ್ಯೋತ್ಯಾ ಅಂದರೆ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು, ನೆಂಟಸ್ತಿಕೆ ಇಲ್ಲದ ಹಿರಿಯ ಹೆಂಗಸೂ ಹೌದು. ನನ್ನ ಮನಸ್ಸು ‘ವಾಲ್ಯಾ ಅತ್ತೆ’ ಕಡೆಗಿದೆ. ‘ಆಂಟಿ’ ಬೇಡ. ನಿಮ್ಮ ಊರಿನ ಕಡೆ ಮಕ್ಕಳು ಪರಿಚಯದ ಹೆಂಗಸರನ್ನು ಏನೆಂದು ಕರೆಯುತ್ತಾರೆ, ಊರಿನ ಹೆಸರಿನ ಜೊತೆ ಬರೆಯಿರಿ.