ಪೆಟ್ರೋಲ್ ಕಾಸು ಬಂತು, ಕಾರಿನ ಕಾಸು ಎಲ್ಲಿ?

ಪ್ರಶ್ನೆ (ಶಿರಸಿ): ಆಡಿಟರ್ ಸರ್, ನಮಸ್ಕಾರ. ತೋಟದ ಸಲಕರಣೆ ಮಾರುವ ಕಂಪನಿಯಲ್ಲಿ ನನ್ನದು ಫೀಲ್ಡ್ ಕೆಲಸ. ಕಳೆ ಹೊಡೆಯುವ ಯಂತ್ರ, ಫೈಬರ್ ದೋಟಿ ಇಂಥವು. ಸಿದ್ದಾಪುರ, ಯಲ್ಲಾಪುರ ಅಲ್ಲದೆ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರದವರೆಗೂ ಸ್ವಂತ ಕಾರಲ್ಲೇ ಓಡಾಟ. ಕಿಲೋಮೀಟರಿಗೆ 8 ರೂಪಾಯಿ ಕೊಡ್ತಾರೆ. ಕೇಳಿದ್ರೆ "ಪೆಟ್ರೋಲಿಗೆ ಸಾಕಲ್ಲ" ಅಂತಾರೆ. ಇದು ಸರಿಯಾ? ಈ ಹಣಕ್ಕೆ ಟ್ಯಾಕ್ಸ್ ಬೀಳ್ತದಾ?

ಆಡಿಟರ್: ಪೆಟ್ರೋಲಿಗೆ ಸಾಕು, ನಿಜ. ಕಾರಿಗೆ ಸಾಲದು. ಲೀಟರಿಗೆ 103 ರೂಪಾಯಿ, ಘಟ್ಟದ ರಸ್ತೆಯಲ್ಲಿ 15 ಮೈಲೇಜ್ ಅಂತ ಹಿಡಿದರೆ ಎಣ್ಣೆಗೇ ಹತ್ತಿರ ಹತ್ತಿರ 7 ರೂಪಾಯಿ ಹೋಯಿತು. 7 ಲಕ್ಷದ ಕಾರು ಒಂದು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಎರಡೂವರೆ ಲಕ್ಷಕ್ಕೆ ಹೋದರೆ ಸವಕಳಿ ನಾಲ್ಕೂವರೆ ರೂಪಾಯಿ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿ ಇನ್ಶೂರೆನ್ಸ್, ಸರ್ವಿಸ್ ಸೇರಿ 30,000 ಖರ್ಚಾದರೆ ಇನ್ನೆರಡು. ಟಯರಿಗೆ ಅರ್ಧ. ಒಟ್ಟು 14ರ ಸುತ್ತಮುತ್ತ. ಅಂದರೆ ಕಂಪನಿಯ ಕೆಲಸಕ್ಕೆ ಪ್ರತಿ ಕಿಲೋಮೀಟರಿಗೆ 6 ರೂಪಾಯಿ ನಿಮ್ಮ ಕಿಸೆಯಿಂದ ಹೋಗ್ತಿದೆ. ಕಾರು ಮನೆಗೂ ಬೇಕಲ್ಲ, ಇನ್ಶೂರೆನ್ಸ್ ಹೇಗೂ ಕಟ್ತಿದ್ರಿ ಅಂತ ಅವರು ವಾದಿಸಬಹುದು. ಅದರಲ್ಲೂ ಸ್ವಲ್ಪ ನ್ಯಾಯ ಉಂಟು. ಹಾಗಾಗಿ 12 ಕೇಳಿ, 11ಕ್ಕೆ ಒಪ್ಪಿ. ಖಾಸಗಿ ಕಂಪನಿ ಇಷ್ಟೇ ಕೊಡಬೇಕು ಅಂತ ಕಾನೂನಿನಲ್ಲಿ ದರ ಇಲ್ಲ, ಚೌಕಾಸಿ ನೀವೇ ಮಾಡಬೇಕು.

ಟ್ಯಾಕ್ಸಿಗೆ ಬಂದರೆ, ಪೂರ್ತಿ ಕಂಪನಿ ಕೆಲಸಕ್ಕೇ ಓಡಿದ ಕಿಲೋಮೀಟರಿನ ಹಣಕ್ಕೆ ತೆರಿಗೆ ಇಲ್ಲ. ಆದರೆ ದಾಖಲೆ ಬೇಕು: ತಾರೀಕು, ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಖರ್ಚು. ಜೊತೆಗೆ ಇದು ಕಚೇರಿ ಕೆಲಸಕ್ಕೇ ಆದದ್ದು ಅಂತ ಕಂಪನಿಯ ಪತ್ರ. ಮನೆಯಿಂದ ಆಫೀಸಿಗೆ ಹೋಗಿಬರೋದು ಇದರಲ್ಲಿ ಬರೋದಿಲ್ಲ. ಮ್ಯಾಪ್ ತೋರಿಸುವ ದೂರ ಬರೀಬೇಡಿ, ಮೀಟರ್ ರೀಡಿಂಗ್ ಬರೆಯಿರಿ. ಮಳೆಗಾಲದಲ್ಲಿ ದೇವಿಮನೆ ಬಂದ್ ಆಗಿ ದೊಡ್ಮನೆ ಘಟ್ಟ ಸುತ್ತಿದ್ದು ಮ್ಯಾಪಿಗೆ ನೆನಪಿರೋದಿಲ್ಲ. ಕುಮಟಾ ದಾಟಿ ಹೊನ್ನಾವರಕ್ಕೆ ಹೋದ ದಿನಕ್ಕೆ ಹೊಳೆಗದ್ದೆ ಟೋಲಿನ ಫಾಸ್ಟ್ಯಾಗ್ ನಮೂದೇ ಸಾಕ್ಷಿ. ಟೋಲ್ ಹಣ ಬೇರೆ ಕೇಳಿ, 8 ರೂಪಾಯಿಯಲ್ಲಿ ಸೇರಿಸಬೇಡಿ.

ಪ್ರಶ್ನೆ (ಕಾರವಾರ): ಸರ್, ಗೋವಾದಲ್ಲಿ ಪೆಟ್ರೋಲ್ ಅಗ್ಗ ಅಂತ ನಾವು ಪೋಳೆಂ ಕಡೆ ಹೋಗಿ ಟ್ಯಾಂಕ್ ತುಂಬಿಸ್ತೇವೆ. ಆ ಬಿಲ್ ನಡೀತದಾ?

ಆಡಿಟರ್: ಕಿಲೋಮೀಟರ್ ಲೆಕ್ಕದಲ್ಲಿ ಕೊಡುವವರಿಗೆ ಬಿಲ್ ಎಲ್ಲಿಯದಾದರೇನು, ಉಳಿದದ್ದು ನಿಮ್ಮ ಲಾಭ. ಬಿಲ್ ನೋಡಿ ಕೊಡುವವರಾದರೂ ಗೋವಾ ಬಿಲ್ ಬಿಲ್ಲೇ. ಟ್ಯಾಂಕ್ ತುಂಬಿಸಲಿಕ್ಕೇ ಪೋಳೆಂಗೆ ಹೋಗಿಬಂದ ಕಿಲೋಮೀಟರನ್ನು ಮಾತ್ರ ಕಂಪನಿ ತಲೆಗೆ ಕಟ್ಟಬೇಡಿ ಮಾರಾಯ್ರೆ.

ಪ್ರಶ್ನೆ (ಶಿರಸಿ): ಥ್ಯಾಂಕ್ಸ್ ಸರ್. ಇನ್ನೊಂದು. ಡೆಮೊ ಯಂತ್ರ ಡಿಕ್ಕಿಯಲ್ಲೇ ಇರ್ತದೆ. ಕೆಲವೊಮ್ಮೆ ಮಾರಿದ ಯಂತ್ರವನ್ನೂ ನಾನೇ ಗಿರಾಕಿಯ ಮನೆಗೆ ಮುಟ್ಟಿಸ್ತೇನೆ. ತೊಂದರೆ ಉಂಟಾ?

ಆಡಿಟರ್: ಇದನ್ನ ಮೊದಲೇ ಹೇಳಬೇಕಿತ್ತು! ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರ್ತದೆ, ತೆಗೆದು ಓದಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಓಡಿಸಿದರೆ ರಕ್ಷಣೆ ಇಲ್ಲ, ಸರಕು ಸಾಗಿಸಿದರೂ ಇಲ್ಲ. ಸ್ಯಾಂಪಲ್ ಮತ್ತು ಸ್ವಂತ ಲಗೇಜಿಗೆ ಮಾತ್ರ ವಿನಾಯಿತಿ. ಡೆಮೊ ಯಂತ್ರ ಸ್ಯಾಂಪಲ್ ಅನ್ನಬಹುದು. ಬಿಲ್ ಹರಿದು ಗಿರಾಕಿಗೆ ಒಯ್ಯುವ ಯಂತ್ರ ಸರಕು. ಘಟ್ಟದಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಅದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕಬಹುದು. ಮಾರಿದ್ದನ್ನ ಬಸ್ ಪಾರ್ಸೆಲ್ಲಿಗೋ ಲಗೇಜ್ ರಿಕ್ಷಾಕ್ಕೋ ಹಾಕಿ, ಬಾಡಿಗೆ ಕಂಪನಿಯೇ ಕೊಡಲಿ. ದರದ ಬಗ್ಗೆ ಬರೆಯುವ ಇಮೇಲ್‌ನಲ್ಲೇ ಇದನ್ನೂ ಸೇರಿಸಿ. ಫೋನಲ್ಲಿ ಕೇಳಿದರೆ ನಾಳೆ ಯಾರಿಗೂ ನೆನಪಿರೋದಿಲ್ಲ.