ಥ್ರಾಟಲ್ ಕೊಟ್ಟ ಕೂಡಲೇ ಲೈನ್ ಅಗಲವಾಗುತ್ತೆ: ಫೋರ್ಕ್ ಎತ್ತಿದರೆ ಸರಿಹೋಗುತ್ತಾ? ಜೊತೆಗೆ 270 ಡಿಗ್ರಿ ಕ್ರ್ಯಾಂಕ್ ಬಗ್ಗೆ ಒಂದು ಪ್ರಶ್ನೆ

ಅರೆಕ್ಲಚ್:
ಎರಡು ಪ್ರಶ್ನೆ ಇವೆ. ಒಂದಕ್ಕೊಂದು ಸಂಬಂಧ ಇರಬಹುದು ಅಂತ ಒಂದೇ ಕಡೆ ಹಾಕ್ತಿದ್ದೀನಿ.

ಬೈಕ್ ಟ್ರಯಂಫ್ ಸ್ಟ್ರೀಟ್ ಟ್ರಿಪಲ್ 765 ಆರ್‌ಎಸ್, 2023ರ ಮಾಡೆಲ್. ತಿರುವಿಗೆ ಇಳಿಸುವಾಗ ಏನೂ ತಕರಾರಿಲ್ಲ. ಅರ್ಧ ದಾಟಿ ಥ್ರಾಟಲ್ ತೆರೆದ ಕೂಡಲೇ ಮುಂಭಾಗ ಹಗುರಾಗಿ ಹೊರಗೆ ಓಡುತ್ತೆ, ಲೈನ್ (ತಿರುವಿನಲ್ಲಿ ಹಿಡಿದ ದಾರಿ) ಅಗಲವಾಗುತ್ತೆ. ಟೈರ್ ಹೊಸದು, 120/70 ಮತ್ತು 180/55, ಗಾಳಿ ಸರಿಯಿದೆ. ಸಸ್ಪೆನ್ಷನ್ ಕಂಪನಿ ಸೆಟ್ಟಿಂಗ್‌ನಲ್ಲೇ ಇದೆ. ಸವಾರನ ತೂಕ ಗೇರ್ ಸೇರಿ 92 ಕೆಜಿ. ಕೇಳಿದವರೆಲ್ಲ "ಫೋರ್ಕ್ 10 ಮಿ.ಮೀ. ಮೇಲೆತ್ತು" ಅಂತಾರೆ, ಅಂದರೆ ಫೋರ್ಕಿನ ಕಾಲುಗಳನ್ನ ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಿ ಬೈಕಿನ ಮುಂಭಾಗ ತಗ್ಗಿಸೋದು. ರೇಕ್ (ಸ್ಟೀರಿಂಗ್ ಅಕ್ಷ ಲಂಬದಿಂದ ಹಿಂದಕ್ಕೆ ವಾಲಿರುವ ಕೋನ) 23.2 ಡಿಗ್ರಿ, ಟ್ರೇಲ್ (ಆ ಅಕ್ಷ ನೆಲ ಮುಟ್ಟುವ ಜಾಗದಿಂದ ಮುಂದಿನ ಟೈರ್ ನೆಲ ಮುಟ್ಟುವ ಜಾಗಕ್ಕಿರುವ ದೂರ) 96.9 ಮಿ.ಮೀ. ಇವು ಕಮ್ಮಿಯಾದಷ್ಟೂ ಬೈಕು ಚುರುಕು. ಈಗಲೇ ಇಷ್ಟು ಚುರುಕಿರುವಾಗ ಇನ್ನೂ ಎತ್ತೋದು ಸರಿಯಾ?

ಎರಡನೇದು: ಈ ಕ್ಲಾಸಿನ ಹೊಸ, ಪಕ್ಕಪಕ್ಕ ಎರಡು ಸಿಲಿಂಡರ್ ಇರುವ ಪ್ಯಾರಲಲ್ ಟ್ವಿನ್‌ಗಳಲ್ಲಿ ಹೆಚ್ಚಿನವು 270 ಡಿಗ್ರಿ ಕ್ರ್ಯಾಂಕ್‌ಗೆ ಬಂದಿವೆ. ಅದು ಬರೀ ಸೌಂಡ್‌ಗೋ, ತಿರುವಿನಿಂದ ಹೊರಡುವಾಗ ನಿಜಕ್ಕೂ ಫರಕು ಬೀಳುತ್ತೋ?

ಟ್ರೇಲ್_ಲೆಕ್ಕ:
ಫೋರ್ಕ್ ಮುಟ್ಟಬೇಡಿ, ಸದ್ಯಕ್ಕೆ. ಇಳಿಯುವಾಗ ಸರಿಯಿದ್ದು ಹೊರಡುವಾಗ ಅಗಲವಾದರೆ ಮೊದಲು ಅನುಮಾನ ಪಡಬೇಕಾದ್ದು ಹಿಂಭಾಗವನ್ನ.

ಲೆಕ್ಕ ನೋಡಿ. ವೀಲ್‌ಬೇಸ್ (ಎರಡು ಆ್ಯಕ್ಸಲ್‌ಗಳ ನಡುವಿನ ದೂರ) 1,399 ಮಿ.ಮೀ. ಮುಂದೆ 10 ಮಿ.ಮೀ. ಇಳಿಸಿದರೆ ಇಡೀ ಬೈಕು ಸುಮಾರು 0.4 ಡಿಗ್ರಿ ಮುಂದಕ್ಕೆ ವಾಲುತ್ತೆ. ಟ್ರೇಲ್ ಎರಡು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಇಳಿದು 94.6ರ ಹತ್ತಿರ ಬರುತ್ತೆ. ಆದರೆ ಅದೇ 0.4 ಡಿಗ್ರಿ, ಹಿಂದಿನ ಚಕ್ರವನ್ನ ಹಿಡಿದಿರುವ ಸ್ವಿಂಗ್‌ಆರ್ಮ್‌ನ ಇಳಿಜಾರಿನಿಂದಲೂ ಕಳೆಯುತ್ತೆ, ಎಲ್ಲರೂ ಮರೆಯೋದು ಇದನ್ನೇ. ಸ್ವಿಂಗ್‌ಆರ್ಮ್ ತಿರುಗುವ ಕೀಲು, ಅಂದರೆ ಪಿವಟ್, ಹಿಂದಿನ ಆ್ಯಕ್ಸಲ್‌ಗಿಂತ ಮೇಲಿರೋದು ಸುಮ್ಮನೆ ಅಲ್ಲ. ಥ್ರಾಟಲ್ ಕೊಟ್ಟಾಗ ತೂಕ ಹಿಂದಕ್ಕೆ ಸರಿದು ಸ್ಪ್ರಿಂಗ್ ಕುಗ್ಗೋಕೆ ನೋಡುತ್ತೆ. ಚೈನಿನ ಎಳೆತ ಮತ್ತು ಟೈರಿನ ತಳ್ಳುವ ಬಲ ಸ್ವಿಂಗ್‌ಆರ್ಮ್ ಮೂಲಕ ಹಿಂಭಾಗವನ್ನ ಮೇಲಕ್ಕೆತ್ತೋಕೆ ನೋಡುತ್ತವೆ. ಆ್ಯಂಟಿಸ್ಕ್ವಾಟ್ ಅಂದರೆ ಇದೇ. ಸ್ವಿಂಗ್‌ಆರ್ಮ್ ಚಪ್ಪಟೆಯಾದಷ್ಟೂ ಈ ಎತ್ತುವ ಬಲ ಕಮ್ಮಿ. ಹಿಂದೆ ಕೂರುತ್ತೆ, ಮುಂದೆ ಫೋರ್ಕ್ ಉದ್ದವಾಗುತ್ತೆ, ರೇಕ್, ಟ್ರೇಲ್ ಎರಡೂ ಏರುತ್ತವೆ, ಲೈನ್ ಕೈಬಿಡುತ್ತೆ. ಫೋರ್ಕ್ ಎತ್ತಿದರೆ ಇಳಿಯೋದು ಇನ್ನೂ ಚುರುಕಾಗಿ, ಉಬ್ಬುತಗ್ಗಿನಲ್ಲಿ ಹ್ಯಾಂಡಲ್ ಒದರೋಕೆ ಶುರುವಾಗಬಹುದು. ಮೂಲ ರೋಗ ಹಾಗೇ ಉಳಿಯುತ್ತೆ.

ಮೊದಲು ಸ್ಯಾಗ್, ಅಂದರೆ ತೂಕ ಬಿದ್ದಾಗ ಸಸ್ಪೆನ್ಷನ್ ಎಷ್ಟು ಕುಗ್ಗುತ್ತೆ ಅನ್ನೋದನ್ನ, ಅಳೆಯಿರಿ. ಹಿಂದಿನ ಆ್ಯಕ್ಸಲ್ ಮಧ್ಯದಿಂದ ನೇರ ಮೇಲೆ, ಬಾಲದಲ್ಲಿ ಒಂದು ಟೇಪ್ ಅಂಟಿಸಿ ಗುರುತು ಮಾಡಿ. ಚಕ್ರ ಪೂರ್ತಿ ಗಾಳಿಯಲ್ಲಿದ್ದಾಗ ಒಂದು ಅಳತೆ, ಬೈಕು ತನ್ನ ತೂಕದ ಮೇಲೆ ನಿಂತಾಗ ಒಂದು, ಸವಾರ ಗೇರ್ ಹಾಕಿ ಕಾಲು ಫುಟ್‌ಪೆಗ್ ಮೇಲಿಟ್ಟು ಕೂತಾಗ ಒಂದು. ಪ್ರತಿ ಸಲ ಎರಡು ಬಾರಿ ಅಳೆಯಬೇಕು: ಒತ್ತಿ ಮೆಲ್ಲಗೆ ಬಿಟ್ಟು ಒಮ್ಮೆ, ಎತ್ತಿ ಮೆಲ್ಲಗೆ ಇಳಿಸಿ ಒಮ್ಮೆ, ಸರಾಸರಿ ತಗೊಳ್ಳಿ. ಮುಂದಿನ ಫೋರ್ಕಿನಲ್ಲೂ ಹೀಗೇ ಅಳೆದಾಗ ಈ ಎರಡರ ನಡುವೆ 10 ಮಿ.ಮೀ. ಮೀರಿದ ವ್ಯತ್ಯಾಸ ಬಂದರೆ ಫೋರ್ಕ್ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ. ಸಾಮಾನ್ಯ ಕಾರಣ, ಫೋರ್ಕಿನ ಎರಡು ಕಾಲು ಸಮಾನಾಂತರ ಇರಲ್ಲ: ಆ್ಯಕ್ಸಲ್ ಬಿಗಿದ ಮೇಲೆ ಫೋರ್ಕನ್ನ ನಾಲ್ಕೈದು ಸಲ ಒತ್ತಿ ಬಿಟ್ಟು, ಆಮೇಲೆ ಆ್ಯಕ್ಸಲನ್ನ ಹಿಡಿಯುವ ಪಿಂಚ್ ಬೋಲ್ಟ್ ಬಿಗಿಯಬೇಕು. ಹಲವರು ಉಲ್ಟಾ ಮಾಡ್ತಾರೆ.

ಕ್ರ್ಯಾಂಕ್‌ಪಿನ್:
ಎರಡನೇ ಪ್ರಶ್ನೆಗೆ. ಸೌಂಡ್‌ಗಷ್ಟೇ ಅಲ್ಲ.

ಪಿಸ್ಟನ್ ತುದಿ ಮುಟ್ಟಿದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೆ, ಅದರ ಚಲನಶಕ್ತಿ, ಪಿಸ್ಟನ್ ಓಡಾಟವನ್ನ ತಿರುಗಾಟ ಮಾಡುವ ಕ್ರ್ಯಾಂಕಿಗೆ ಹೋಗುತ್ತೆ. ಮತ್ತೆ ಓಡಬೇಕಾದಾಗ ಕ್ರ್ಯಾಂಕಿಂದಲೇ ಸಾಲ. 360 ಅಥವಾ 180 ಡಿಗ್ರಿ ಟ್ವಿನ್‌ನಲ್ಲಿ ಎರಡೂ ಪಿಸ್ಟನ್ ಒಟ್ಟಿಗೇ ನಿಲ್ಲುತ್ತವೆ. ಹಾಗಾಗಿ ಕ್ರ್ಯಾಂಕಿನ ವೇಗ ಒಂದು ಸುತ್ತಿನಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ. ಆರ್‌ಪಿಎಂ ಏರಿದಂತೆ ಈ ಏರಿಳಿತ ಅದರ ವರ್ಗದ ಲೆಕ್ಕದಲ್ಲಿ ಬೆಳೆದು, ಥ್ರಾಟಲ್ ಕೊಟ್ಟ ಟಾರ್ಕ್ ಯಾವುದು, ಈ ಗದ್ದಲ ಯಾವುದು ಅಂತ ಹಿಂದಿನ ಟೈರಿನಿಂದ ಸವಾರನಿಗೆ ತಿಳಿಯೋದು ಕಷ್ಟ ಆಗುತ್ತೆ. ಎರಡು ಪಿಸ್ಟನ್‌ಗಳ ಕ್ರ್ಯಾಂಕ್‌ಪಿನ್ ನಡುವೆ 90 ಡಿಗ್ರಿ ಅಂತರ ಇಟ್ಟರೆ (ಇನ್ನೊಂದು ಕಡೆಯಿಂದ ಎಣಿಸಿದರೆ ಅದೇ 270) ಒಂದು ಪಿಸ್ಟನ್ ನಿಂತಾಗ ಇನ್ನೊಂದು ಹೆಚ್ಚುಕಮ್ಮಿ ಪೂರ್ಣ ವೇಗದಲ್ಲಿರುತ್ತೆ. ಸಾಲ ಇಬ್ಬರ ನಡುವೆಯೇ ತೀರುತ್ತೆ. ಯಮಹಾ 2009ರ ಆರ್1ಗೆ ಕ್ರಾಸ್‌ಪ್ಲೇನ್ ಕ್ರ್ಯಾಂಕ್ ತಂದದ್ದೂ ಇದೇ ತರ್ಕಕ್ಕೆ.

ಬೆಲೆ ಕೊಡಬೇಕು. 270ರಲ್ಲಿ ಎರಡನೇ ದರ್ಜೆಯ (ಸುತ್ತಿಗೆ ಎರಡು ಸಲ ಬರುವ) ಕಂಪನ ಬಲ ರದ್ದಾಗುತ್ತೆ, ಮೊದಲ ದರ್ಜೆಯದು (ಸುತ್ತಿಗೊಮ್ಮೆ ಬರುವುದು) ಉಳಿಯುತ್ತೆ, ಅದಕ್ಕೆ ಬ್ಯಾಲೆನ್ಸರ್, ಅಂದರೆ ಕಂಪನ ತಗ್ಗಿಸುವ ತಿರುಗುವ ತೂಕ, ಬೇಕು. ಕೆಟಿಎಂ 790 ಡ್ಯೂಕ್ ಪಿನ್‌ಗಳನ್ನ 75 ಡಿಗ್ರಿಗೆ ಇಟ್ಟು 285, 435 ಡಿಗ್ರಿ ಅಂತರದಲ್ಲಿ ಉರಿಸುತ್ತೆ. ಅದಕ್ಕೆ ಎರಡು ಬ್ಯಾಲೆನ್ಸರ್, ಒಂದು ಸಿಲಿಂಡರ್ ಹೆಡ್‌ನಲ್ಲೇ. ಆ ಜಾಗದಲ್ಲಿ ಅದನ್ನ ತುರುಕಿದ ಎಂಜಿನಿಯರ್‌ಗೆ ಒಂದು ನಮಸ್ಕಾರ.

ನಿಮ್ಮ 120 ಡಿಗ್ರಿ ಟ್ರಿಪಲ್‌ನಲ್ಲಿ ಎರಡೂ ದರ್ಜೆಯ ಬಲ ತಾವಾಗೇ ರದ್ದು, ತುದಿಯಿಂದ ತುದಿಗೆ ತೂಗಾಡುವ ಕಪಲ್ ಮಾತ್ರ ಉಳಿಯುತ್ತೆ. ಅದಕ್ಕೆ ಒಂದು ಬ್ಯಾಲೆನ್ಸರ್ ಸಾಕು. 240 ಡಿಗ್ರಿಗೊಮ್ಮೆ ಸಮನಾಗಿ ಉರಿ. ಸ್ಟ್ರೋಕ್ 53.4 ಮಿ.ಮೀ. ಇರೋದರಿಂದ 12,000 ಆರ್‌ಪಿಎಂನಲ್ಲೂ ಸರಾಸರಿ ಪಿಸ್ಟನ್ ವೇಗ ಸೆಕೆಂಡಿಗೆ 21.4 ಮೀಟರ್. 65.7 ಮಿ.ಮೀ. ಸ್ಟ್ರೋಕ್‌ನ 790 ತನ್ನ 9,000ದಲ್ಲೇ 19.7 ಮುಟ್ಟುತ್ತೆ. ಟ್ರಿಪಲ್‌ನ ಖರ್ಚು ಅಗಲ, ಬಿಡಿಭಾಗ, ನಾಲ್ಕು ಮೇನ್ ಬೇರಿಂಗ್.

ಅಂದಹಾಗೆ ನಿಮ್ಮ ಬೈಕಿಗೆ 12,000 ಆರ್‌ಪಿಎಂನಲ್ಲಿ 130 ಪಿಎಸ್ ಅನ್ನೋದಕ್ಕಿಂತ ಆಗ ಸಿಗುವ ಟಾರ್ಕ್ ನೋಡಿ (7,024 ಅನ್ನೋದು ಪಿಎಸ್‌ನಿಂದ ಎನ್‌ಎಂಗೆ ಬದಲಿಸುವ ಗುಣಕ): 130 × 7,024 ÷ 12,000 = 76 ಎನ್‌ಎಂ. ಗರಿಷ್ಠ 80 ಎನ್‌ಎಂ ಬರೋದು 9,500ಕ್ಕೆ. ಅಂದರೆ 2,500 ಆರ್‌ಪಿಎಂ ಮೇಲೆ ಹೋದರೂ ಕಳೆದದ್ದು ನಾಲ್ಕೇ. ಇಷ್ಟು ಸಪಾಟಾದ ಎಂಜಿನ್ ಲೈನ್ ಕೆಡಿಸಲ್ಲ. ಟ್ರೇಲ್_ಲೆಕ್ಕ ಹೇಳಿದ್ದೇ ಸರಿ, ಹಿಂಭಾಗ ನೋಡಿ.

ಹದಿನೈದು_ಹಲ್ಲು:
ಒಂದು ಮಾತು ಸೇರಿಸ್ತೀನಿ ಗುರು. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕಿದರೆ ಚೈನಿನ ಮೇಲಿನ ಸಾಲು ಮುಂದಕ್ಕೆ ಇನ್ನಷ್ಟು ಇಳಿಜಾರಾಗಿ ಆ್ಯಂಟಿಸ್ಕ್ವಾಟ್ ಹೆಚ್ಚುತ್ತೆ, ನಿಜ. ಆದರೆ ಅದೇ ಚೈನ್ ಉಳಿಸಿಕೊಂಡರೆ ಆ್ಯಕ್ಸಲ್ ಸುಮಾರು 4 ಮಿ.ಮೀ. ಹಿಂದಕ್ಕೆ ಹೋಗುತ್ತೆ, ಪಿಚ್ 15.875 ಮಿ.ಮೀ.ನ ಕಾಲು ಭಾಗ. ಗೇರಿಂಗೂ ಬದಲಾಗುತ್ತೆ. ಸ್ಯಾಗ್ ಸರಿಮಾಡೋಕೆ ಇದು ದಾರಿ ಅಲ್ಲ.

ಅರೆಕ್ಲಚ್:
ಅಳೆದೆ. ಹಿಂದೆ: ಬೈಕಿನ ತೂಕಕ್ಕೆ 16 ಮಿ.ಮೀ., ಸವಾರ ಕೂತಾಗ 46. ಮುಂದೆ ಸವಾರ ಸೇರಿ 36, ಹಿಡಿತ ಇಲ್ಲ. ಏನರ್ಥ?

ಟ್ರೇಲ್_ಲೆಕ್ಕ:
ಮುಂದಿನದು ಸರಿ, ಸುಮಾರು 115 ಮಿ.ಮೀ. ಟ್ರಾವೆಲ್‌ನಲ್ಲಿ ಮೂರರಲ್ಲೊಂದು ಪಾಲಿನ ಆಸುಪಾಸು. ಹಿಂದೆ 46 ಜಾಸ್ತಿ, 36ಕ್ಕೆ ತನ್ನಿ. ಲಿಂಕೇಜ್ ಅನುಪಾತ (ಶಾಕ್ 1 ಮಿ.ಮೀ. ಕುಗ್ಗಿದಾಗ ಚಕ್ರ ಎಷ್ಟು ಸರಿಯುತ್ತೆ) 2 ಅಂತ ಹಿಡಿದರೆ ಚಕ್ರದಲ್ಲಿ 10 ಮಿ.ಮೀ. ಬೇಕಾದಾಗ ಶಾಕ್‌ನಲ್ಲಿ 5 ಮಿ.ಮೀ. ಪ್ರಿಲೋಡ್ ಹೆಚ್ಚಿಸಿ, ಅಂದರೆ ಸ್ಪ್ರಿಂಗನ್ನ ಮೊದಲೇ ಅಷ್ಟು ಹೆಚ್ಚು ಅದುಮಿಡಿ. ಆಗ ಬೈಕಿನ ತೂಕದ ಸ್ಯಾಗ್ 6 ಆಗುತ್ತೆ. ಓಡಿಸೋಕೆ ಸಾಕು, ಆದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ತುಸು ಮೆತ್ತಗೆ ಅಂತ ಅದೇ ಹೇಳ್ತಿದೆ. ಸವಾರ ಕೂತಾಗ 36, ಖಾಲಿಯಿದ್ದಾಗ 10 ಬೇಕಂದರೆ ನಡುವಿನ ವ್ಯತ್ಯಾಸ 30ರ ಬದಲು 26, ಹೆಚ್ಚುಕಮ್ಮಿ ಶೇ. 15 ಗಟ್ಟಿ ಸ್ಪ್ರಿಂಗ್. ಪ್ರಿಲೋಡನ್ನೇ ತಿರುಗಿಸುತ್ತಾ ಹೋಗಿ ಖಾಲಿ ಸ್ಯಾಗ್ ಸೊನ್ನೆಗೆ ತಂದರೆ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ನೆಲ ಬಿಡೋಕೆ ಅವಸರ ಮಾಡುತ್ತೆ.

ಪ್ರಿಲೋಡ್ ಹೆಚ್ಚಿಸಿದ ಮೇಲೆ ರಿಬೌಂಡ್ (ಕುಗ್ಗಿದ ಸ್ಪ್ರಿಂಗ್ ಮತ್ತೆ ಹಿಗ್ಗುವ ವೇಗ ತಡೆಯುವ ಡ್ಯಾಂಪಿಂಗ್) ಒಂದೆರಡು ಕ್ಲಿಕ್ ಬಿಗಿ ಮಾಡಬೇಕಾಗಬಹುದು. ಚೈನ್ ಸಡಿಲವನ್ನೂ ಮತ್ತೆ ನೋಡಿ: ಎರಡು ಸ್ಪ್ರಾಕೆಟ್‌ಗಳ ಕೇಂದ್ರ ಮತ್ತು ಪಿವಟ್ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಅಲ್ಲಿ ಸಡಿಲ ಉಳಿಯದಿದ್ದರೆ ಔಟ್‌ಪುಟ್ ಶಾಫ್ಟ್ ಬೇರಿಂಗ್‌ಗೆ ಪೆಟ್ಟು.

ಇಷ್ಟಾದ ಮೇಲೂ ಇಳಿಸೋದು ಭಾರ ಅನಿಸಿದರೆ ಮಾತ್ರ ಫೋರ್ಕ್, ಅದೂ ಒಂದು ಸಲಕ್ಕೆ 2 ಮಿ.ಮೀ. ಸ್ಟ್ಯಾಂಡ್ ಸ್ಟೀರಿಂಗ್ ಸ್ಟೆಮ್ ಕೆಳಗಿಂದ ಹಿಡಿಯುವಂಥದ್ದಿರಲಿ. ಫೋರ್ಕಿನ ಒಂದು ಕಾಲು ಬಿಗಿಯಾಗಿಯೇ ಇಟ್ಟು ಇನ್ನೊಂದನ್ನ ಸರಿಸಿ, ಎರಡನ್ನೂ ವರ್ನಿಯರ್‌ನಿಂದ ಅಳೆಯಿರಿ. ಕೆಳಗಿನ ಕ್ಲ್ಯಾಂಪನ್ನ ಮ್ಯಾನುಯಲ್ ಹೇಳಿದ ಟಾರ್ಕ್‌ಗಿಂತ ಜಾಸ್ತಿ ಬಿಗಿದರೆ ಟ್ಯೂಬ್ ಅಮುಕಿ ಫೋರ್ಕ್ ಹಿಡಿಯೋಕೆ ಶುರುವಾಗುತ್ತೆ, ಆಗ ಈಗ ಮಾಡಿದ ಅಳತೆಯೆಲ್ಲ ಮೊದಲಿಂದ.